ಕಾಕಾನ ಗುಡ್ಡದ ಮೇಲೆ ನಾನು ಬಳಿದ ಸುಣ್ಣ

ಕಾಕಾ,

ನಿಮ್ಮ ಮಲ್ಲಪ್ಪ ಬರೆಯುತ್ತಿದ್ದೇನೆ. ಮೊದಲು ಶರಣು ಅಂತ ಬರೆಯಬೇಕಿತ್ತು, ಬರೆದೆ ಅಂತಲೇ ತಿಳಿಯಿರಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನ ಕೈ ಇದು. ಸಾಲು ಸೊಟ್ಟಗಾದರೆ ಗೋಡೆ ಸೊಟ್ಟಗಾದಂತೆ ಒಡೆದು ಮತ್ತೆ ಕಟ್ಟಬೇಕು ಅನಿಸುತ್ತದೆ. ಒಂದು ಹಾಳೆ ಆಗಲೇ ಹರಿದು ಒಗೆದಿದ್ದೇನೆ. ನಿಮಗೆ ಹೇಳಬೇಕಾದ್ದು ಒಂದೇ ಸುದ್ದಿ, ಅದೂ ನಮ್ಮ ಊರ ಶಾಲೆಯ ಕಟ್ಟೆಯದು. ಆದರೆ ಆ ಸುದ್ದಿ ಕೇಳಲು ನೀವೇ ಇಲ್ಲವಲ್ಲ ಅಂತ ನನಗೆ ಬರುವ ಸಿಟ್ಟು ಎಷ್ಟಿದೆ ಅಂದರೆ, ಮೊದಲು ಸಿಟ್ಟನ್ನೇ ಬರೆಯಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನನಗೆ ಹೇಗೆ ಗೊತ್ತಾಗಬೇಕು?

ಜೂನ್ ತಿಂಗಳ ಆ ದಿನ ನೆನಪಿದೆಯೇ? ಅಫಜಲಪುರದ ಪೇಟೆಯಲ್ಲಿ ಅಪ್ಪ ರದ್ದಿಯವನ ಹತ್ತಿರ ಕನ್ನಡದಲ್ಲೇ ಬರುತ್ತಿದ್ದ ರಷ್ಯಾದ ಬಣ್ಣದ ಪತ್ರಿಕೆಯ ಹಾಳೆ ತಂದಿದ್ದ. ಆ ಹಾಳೆ ದಪ್ಪ, ನುಣುಪು, ಪುಸ್ತಕಕ್ಕೆ ಹೊದಿಸಿದರೆ ವರ್ಷ ತಡೆಯುತ್ತಿತ್ತು. ನಾನು ಅಳೆದು, ಮತ್ತೆ ಅಳೆದು, ಹೆಚ್ಚಾದದ್ದನ್ನು ಕತ್ತರಿಸಿ ಭೂಗೋಳದ ಪುಸ್ತಕಕ್ಕೆ ಹೊದಿಸಿದ್ದೆ. ವರ್ಗದಲ್ಲಿ ನೀವು ಪಾಠ ಮಾಡುತ್ತ ಬಂದವರು ಪುಸ್ತಕ ಕಸಿದುಕೊಂಡಿರಿ. ಒಳಗಿನದು ಓದಲಿಲ್ಲ, ಹೊದಿಕೆ ಓದಿದಿರಿ. ದಕ್ಷಿಣ ಧ್ರುವದ ಖಂಡದ ನಟ್ಟನಡುವೆ ದೊಡ್ಡ ಪರ್ವತ ಶ್ರೇಣಿ ಪತ್ತೆಯಾಗಿದೆ, ಯುರೋಪಿನ ಆಲ್ಪ್ಸ್ ಪರ್ವತದಷ್ಟು ಎತ್ತರ... ಅಲ್ಲಿಗೆ ಸಾಲು ನಿಂತಿತ್ತು. ನನ್ನ ಕತ್ತರಿ ಅಲ್ಲೇ ಹಾದುಹೋಗಿತ್ತು.

"ಉಳಿದಿದ್ದು ಎಲ್ಲಿ ಅದಲೇ?"

"ಒಲಿಗೆ ಹೋತ್ರಿ."

"ಒಲಿಗೆ! ಗೌಂಡಿ ಮಗಾ ನೀ, ಒಂದು ಪರ್ವತ ತಗೊಂಡು ಚಾ ಕಾಸಿದಿ."

ಇಡೀ ವರ್ಗ ನಕ್ಕಿತು. ಹಾಳೆಯ ಮೇಲೆ ಒಂದು ಚಿತ್ರವೂ ಇತ್ತು. ಕೂದಲಿನ ಕೋಟು ಹಾಕಿಕೊಂಡ ನಾಲ್ಕು ಮಂದಿ, ಅವರ ಹಿಂದೆ ಟ್ರ್ಯಾಕ್ಟರಿನಂಥ ಗಾಡಿ, ಉಳಿದದ್ದೆಲ್ಲ ಬಿಳಿ ಬಯಲು. ನಾನು ಸುಮ್ಮನಿರಬೇಕಿತ್ತು. "ಇದರಾಗ ಗುಡ್ಡ ಎಲ್ಲಿ ಅದ್ರಿ ಸರ?" ಅಂತ ಕೇಳಿಬಿಟ್ಟೆ. ನೀವು ಒಂದು ಗಳಿಗೆ ಚಿತ್ರ ನೋಡಿದಿರಿ. "ಫೋಟೋ ತಗದಾಂವನ ಬೆನ್ನ ಹಿಂದ ಅದಲೇ, ಖೋಡಿ!" ಆಗ ನಾನೂ ನಕ್ಕೆ. ಈಗ ಆ ಮಾತು ನೆನಪಾದರೆ... ಇರಲಿ, ಅದನ್ನು ಮುಂದೆ ಹೇಳುತ್ತೇನೆ.

ಅಪ್ಪ ಗೋಡೆ ಕಟ್ಟಲು ಹತ್ತಿ ನಿಲ್ಲುವ ಪರಂಚಿಯ ಕಟ್ಟಿಗೆ ಮುರಿದು ಕೆಳಗೆ ಬಿದ್ದದ್ದು ಅದೇ ವರ್ಷ, ಸುಗ್ಗಿಯ ಮುಂಚೆ. ಸೊಂಟ ಹೋಯಿತು. ನಾನು ಪಾಟಿ ಪುಸ್ತಕ ಇಟ್ಟು ಗಾರೆಯ ಕರಣೆ ಹಿಡಿದೆ. ನೀವು ಮನೆಗೆ ಬಂದು ಅಪ್ಪನ ಹಾಸಿಗೆಯ ಪಕ್ಕ ಕೂತು, "ಅಣ್ಣಾ, ಹುಡುಗನ್ನ ಬಿಡು, ಓದ್ತಾನ" ಅಂದಿರಿ. ಅಪ್ಪ ಗೋಡೆಯ ಕಡೆ ಮುಖ ಮಾಡಿದ. ಗೋಡೆ ಕಟ್ಟುವ ಗೌಂಡಿಗಳ ಮನೆಯಿಂದ ಮಾಸ್ತರರಾದವರು ನೀವೊಬ್ಬರೇ. ಎರಡನೆಯವನು ನಾನಾಗಬೇಕು ಅಂತ ನಿಮಗಿತ್ತು, ಗೊತ್ತು. ಆದರೆ ಆ ಹೊತ್ತಿನಲ್ಲಿ ಬೇರೆ ಏನು ಮಾಡಬಹುದಿತ್ತು ಅಂತ ನೀವು ಒಂದು ಸಲವಾದರೂ ಹೇಳಿದಿರಾ? ಸಿಟ್ಟಾದಿರಿ, ಅಷ್ಟೇ. ನಿಮ್ಮ ಸಿಟ್ಟು ಯಾವಾಗಲೂ ಹಾಗೆಯೇ, ಬಾಗಿಲು ಹಾಕಿಕೊಂಡು ಒಳಗೆ ಕೂಡುವಂಥದು.

ಎರಡು ವರ್ಷದ ಮೇಲೆ ಒಂದು ಮುಂಜಾನೆ ನೀವೇ ನಮ್ಮ ಅಂಗಳಕ್ಕೆ ಬಂದು, "ಶಾಲಿಗಿ ಬರಲಿಲ್ಲ, ಶಾಲಿ ಕಟ್ಟಿ ಕಟ್ಟಾಕರೆ ಬಾ" ಅಂದದ್ದು ನೆನಪಿದೆ. ಬಾಗಿಲಲ್ಲಿ ನಿಂತ ಆಯಿಗೆ, ನಿಮ್ಮ ಅವ್ವನಿಗೆ, ಅಷ್ಟಕ್ಕೇ ಕಣ್ಣಲ್ಲಿ ನೀರು. ಶಾಲೆಯ ಬೇವಿನ ಗಿಡದ ಪಕ್ಕ ಎರಡು ಮಾರು ಅಗಲದ ಕಟ್ಟೆ, ಹುಡುಗರಿಗೆ ತೋರಿಸಲು ದಕ್ಷಿಣ ಧ್ರುವದ ಖಂಡದ ಮಾದರಿ. ನೀವು ನಕಾಶೆ ನೋಡಿ ಇದ್ದಿಲಿನಿಂದ ಧ್ರುವ ಖಂಡದ ಅಂಚು ಬರೆದಿರಿ, ನಾನು ಗೆರೆಯ ಮೇಲೆ ಕಲ್ಲು ಇಟ್ಟೆ. ಗುಡ್ಡಕ್ಕೆ ಬೇಕಾದ ಕಲ್ಲು ಹೊಸ ಬಾವಿಗೆ ಮದ್ದು ತುಂಬಿ ಸುರಂಗ ಹಾಕಿದಾಗ ಸಿಡಿದವು. ಕರಿಕಲ್ಲು, ಚೂಪಾದವು. ಒಂದೊಂದನ್ನೂ ನೀವು ಕೈಯಲ್ಲಿ ತಿರುಗಿಸಿ ತಿರುಗಿಸಿ ಆರಿಸಿದಿರಿ. ಹನ್ನೊಂದು ಶಿಖರ. ನಟ್ಟನಡುವೆ ನಿಲ್ಲಿಸಿದ ಎಲ್ಲಕ್ಕೂ ದೊಡ್ಡದಕ್ಕೆ ಎತ್ತಿನ ಹೆಗಲ ಮೇಲಿನ ಹಿಣಿಲಿನ ಆಕಾರವಿತ್ತು. ಕಟ್ಟೆ ಮುಗಿದ ಮೇಲೆ ನಾನು ಎಂದಿನಂತೆ ಕರಣೆಯ ಹಿಡಿಕೆಯಿಂದ ಗಚ್ಚನ್ನು ಟಕ್ ಟಕ್ ಬಡಿದು ಕೇಳುತ್ತಿದ್ದೆ. ಒಳಗೆ ಪೊಳ್ಳಿದ್ದರೆ ಸದ್ದು ಹೇಳುತ್ತದೆ ಅಂತ ಅಪ್ಪ ಕಲಿಸಿದ್ದ. ನಾನು ಒಂದೇ ಜಾಗವನ್ನು ಮೂರು ಸಲ ಬಡಿಯುತ್ತೇನೆ ಅಂತ ನೀವು ನಗುತ್ತಿದ್ದಿರಿ.

"ಗ್ವಾಡಿಗಿ ಜ್ವರ ಬಂದದೇನಲೇ, ನಾಡಿ ನೋಡಾಕತ್ತೀದಿ?"

"ಒಳಗ ಏನದ ಅಂತ ಬಡದ ಕೇಳಬೇಕ್ರಿ ಕಾಕಾ. ಕಣ್ಣಿಗೆ ಕಾಣ್ತದೇನ್ರಿ?"

ಆಯಿ ಬುತ್ತಿ ತಂದ ಮಧ್ಯಾಹ್ನವೂ ನೆನಪಿದೆ. ನೀವು ಕಟ್ಟೆಯ ನಡುವೆ ಕಡ್ಡಿ ಇಟ್ಟು, ಇಲ್ಲಿ ನಿಂತರೆ ಯಾವ ಕಡೆ ನೋಡಿದರೂ ಉತ್ತರವೇ, ಆರು ತಿಂಗಳು ಹಗಲು, ಆರು ತಿಂಗಳು ಇರುಳು, ಮಳೆ ಅನ್ನುವುದು ನಮ್ಮ ಸೀಮೆಗಿಂತಲೂ ಕಡಿಮೆ ಅಂತ ಹೇಳುತ್ತಿದ್ದಿರಿ. ಆಯಿ ರೊಟ್ಟಿ ಬಿಚ್ಚುವುದು ನಿಲ್ಲಿಸಿದಳು.

"ಅಲ್ಲಪಾ, ಯಾವ ಕಡೆ ನೋಡಿದ್ರೂ ಉತ್ತರ ಅಂದ್ರ, ಮಲಗೋವಾಗ ತಲಿ ಎತ್ತಾಗ ಇಡಬೇಕು?"

"ಯವ್ವಾ, ಅಲ್ಲಿ ಮಲಗಿದಾಂವ ಏಳೂದಿಲ್ಲ. ತಲಿ ಎತ್ತಾಗ ಇದ್ರೇನು?"

"ಥೂ, ಮಾಸ್ತರಕಿ ಮಾಡಿ ಮಾಡಿ ನಾಲಿಗಿ ಕೆಟ್ಟದ ನಿನಗ. ಉಣ್ಣು."

ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಸೋಮವಾರ ಬರುತ್ತಾರೆ ಅಂತ ಸುದ್ದಿ ಬಂದದ್ದು ಶುಕ್ರವಾರ. ಮರುದಿನ ನೀವು ಕೆಲಸದ ಮೇಲೆ ಅಫಜಲಪುರಕ್ಕೆ ಹೋದಿರಿ. ನಾನು ಆ ಶನಿವಾರವನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಶಾಲೆಯ ಪುಸ್ತಕದಲ್ಲಿ ಆ ಖಂಡದ ಬಗ್ಗೆ ಇದ್ದದ್ದು ನಾಲ್ಕೇ ಸಾಲು: ಹಿಮದ, ನಮ್ಮ ಬಾಯಲ್ಲಿ ಬರ್ಫದ, ಬಯಲು, ಜನವಿಲ್ಲ, ಗಿಡವಿಲ್ಲ. ನಡುವೆ ಗುಡ್ಡದ ಮಾತೇ ಇರಲಿಲ್ಲ. ಜೇವರ್ಗಿ ಕಡೆ ಯಾರೋ ಮಾಸ್ತರ ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸಿದ ಅಂತ ದೂರ ಎಲ್ಲಿಗೋ ಹಾಕಿದರು ಎಂದು ಹೊಟೇಲಿನಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೆ. ಖರೆಯೋ ಸುಳ್ಳೋ, ನನಗೆ ಅಂಜಲು ಅಷ್ಟು ಸಾಕಾಯಿತು. ನಿಮ್ಮ ಹತ್ತಿರ ಇದ್ದ ಪುರಾವೆ ಏನು? ಒಂದು ಹರಕು ಹೊದಿಕೆ. ಅದರ ಮೇಲೂ ಗುಡ್ಡವಿಲ್ಲದ ಚಿತ್ರ. ಮೂರು ತಾಸು ಮನೆಯಲ್ಲಿ ಓಡಾಡಿದೆ. ಕಡೆಗೆ ಹಿತ್ತಲ ಸುಣ್ಣದ ಗುಂಡಿಯಿಂದ ಗಚ್ಚು ಕಲಸಿ, ಹನ್ನೊಂದೂ ಶಿಖರ ಮುಳುಗುವಷ್ಟು ತುಂಬಿ, ಮೇಲೆ ಸುಣ್ಣ ಬಳಿದುಬಿಟ್ಟೆ. ಕಟ್ಟೆ ಗಡಿಗೆ ಬೋರಲು ಹಾಕಿದಂತೆ ನುಣ್ಣಗೆ, ಬೆಳ್ಳಗೆ ಆಯಿತು.

ಆದರೆ ಕಾಕಾ, ಗಚ್ಚು ಹಾಕುವ ಮೊದಲು ಕಲ್ಲಿನ ಸುತ್ತ ಮರಳು ಹರವಿದ್ದೆ. ಕೇಳಿಸಿತೇ? ಮರಳು! ಗಚ್ಚು ಕಲ್ಲಿಗೆ ಕಚ್ಚಬಾರದು, ಸಾಹೇಬರು ಬಸ್ಸು ಹತ್ತಿದ ಮೇಲೆ ಮೇಲಿನದನ್ನು ಕಿತ್ತು ಗುಡ್ಡವನ್ನು ಹಾಗೆಯೇ ಹೊರಗೆ ತೆಗೆಯಬೇಕು ಅಂತ. ಒಂದು ದಿನದ ಕೆಲಸ. ಇದನ್ನು ನಿಮಗೆ ಹೇಳಲು ನಾನು ಎಷ್ಟು ವರ್ಷ ಬಾಯಿ ತೆರೆದೆ, ನೀವು ಎಷ್ಟು ವರ್ಷ...

ಸೋಮವಾರ ಸಾಹೇಬರು ಬಂದ ಬಸ್ಸಿನಲ್ಲೇ ನೀವೂ ಬರುತ್ತೀರಿ ಅಂತ ನನಗೇನು ಗೊತ್ತಿತ್ತು? ಮುಂಚೆ ಬಂದು ಸಿಗುತ್ತೀರಿ, ಹೇಳುತ್ತೇನೆ ಅಂತ ಶಾಲೆಯ ಗೇಟಿನಲ್ಲೇ ನಿಂತಿದ್ದೆ. ಸಾಹೇಬರು ನೆಟ್ಟಗೆ ಕಟ್ಟೆಯ ಹತ್ತಿರ ಹೋದರು.

"ವಾ ಮಾಸ್ತರ! ಬರ್ಫದ ಬಯಲಂದ್ರ ಇದು. ಬುಕ್ಕಿನ್ಯಾಗ ಹೆಂಗದ ಹಂಗೇ ಮಾಡೀರಿ. ನೋಡಿದ್ರ ಥಂಡಿ ಬರಾಕತ್ತದ ನನಗ!"

ನೀವು ಕೊಡೆಯ ಹಿಡಿಕೆಯನ್ನು ತಿರುಗಿಸುತ್ತ ನಿಂತಿರಿ. ಅವರು ಭೇಟಿಯ ಪುಸ್ತಕದಲ್ಲಿ ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಹೋದರು. ನಾನು ಸರಿಯಾಯಿತಲ್ಲ ಅಂದುಕೊಂಡು ಹತ್ತಿರ ಬಂದರೆ ನಿಮ್ಮ ಮುಖ ಸುಟ್ಟ ಇಟ್ಟಂಗಿ ಆಗಿತ್ತು.

"ಗುಡ್ಡ ಹುಗದೀ?"

"ಕಾಕಾ, ಅದು ಹಂಗಲ್ರಿ, ನಾ ಮರಳು..."

"ನಾ ಮಾಡಲಾರದ ಕೆಲಸಕ್ಕ ಶಾಬಾಸಕಿ ತಗೊಂಡೆ ಇವತ್ತು. ನಿನ್ನ ದೆಸಿಂದ. ಶಾಲಿ ಬಿಟ್ಟಾಂವಗ ಗುಡ್ಡದ ಬೆಲಿ ಏನ್ ಗೊತ್ತು, ಹೋಗು."

ಹೋದೆ. ನಾನೇನೋ ಹೋಗು ಅಂದಿರಿ ಅಂತ ಹೋದೆ. ನೀವು ಯಾಕೆ ತಿರುಗಿ ಕರೆಯಲಿಲ್ಲ? ಗುಡ್ಡ ಬೇಕಿದ್ದರೆ ಒಂದು ಹಾರೆ ತಗೊಂಡು ನೀವೇ ಯಾಕೆ ಮೇಲಿನದನ್ನು ಒಡೆಯಲಿಲ್ಲ? ಸಾಹೇಬರ ಶಾಬಾಸಕಿ ಒಡೆದಂತಾಗುತ್ತದೆ ಅಂತಲೇ? ನನಗೆ ಇವತ್ತಿಗೂ ತಿಳಿದಿಲ್ಲ. ಕಟ್ಟೆಯ ಕಡೆ ಬೆನ್ನು ಮಾಡಿ ಪಾಠ ಹೇಳತೊಡಗಿದಿರಿ ಅಂತ ಹುಡುಗರು ಹೇಳಿದರು. ನಾನೂ ಹಟ ಹಿಡಿದೆ. ನೀವು ಹೇಳುವ ತನಕ ಮುಟ್ಟುವುದಿಲ್ಲ ಅಂತ.

ಯಡ್ರಾಮಿಗೆ ನಿಮಗೆ ವರ್ಗವಾದ ಮೇಲೆ ಮೂರು ಸಲ ಬಂದೆ. ಪ್ರತಿ ಸಲವೂ ಆಯಿ ಮಾಡಿದ ಕಡಕ ರೊಟ್ಟಿ, ಶೇಂಗಾ ಹಿಂಡಿ. ಬಸ್ಸಿನುದ್ದಕ್ಕೂ ಮಾತನ್ನು ಕಲಸಿ ಹದ ಮಾಡಿಕೊಂಡು ಬರುತ್ತಿದ್ದೆ. ನೀವು ಮಳೆಯ ಬಗ್ಗೆ, ತೊಗರಿಯ ಬಗ್ಗೆ, ಬಾಡಿಗೆ ಮನೆಯ ತೇವದ ಬಗ್ಗೆ ಮಾತಾಡಿದಿರಿ. ಗೋಡೆ ಬಡಿದು ನೋಡಲೂ ಹಚ್ಚಿದಿರಿ. "ಇಲ್ಲಿ ಪೊಳ್ಳದ್ರಿ" ಅಂದೆ. "ಹೌದಾ? ಅದಕ್ಕ ಇಲಿ ಸದ್ದು ಮಾಡ್ತಾವ" ಅಂದಿರಿ. ಆಗ ಧೈರ್ಯ ಮಾಡಿ, "ಕಾಕಾ, ಆ ಶಾಲಿ ಕಟ್ಟಿ..." ಅಂದರೆ, "ರೊಟ್ಟಿ ತಿನ್ನು, ಮೆತ್ತಗ ಆಗ್ತಾವ." ಕಡಕ ರೊಟ್ಟಿ ಎಲ್ಲಾದರೂ ಅಷ್ಟು ಬೇಗ ಮೆತ್ತಗಾಗುತ್ತದೆಯೇ ಕಾಕಾ? ಬಾಯಿಗೆ ಬಂದದ್ದು ಹೇಳಿ ನನ್ನ ಬಾಯಿ ಮುಚ್ಚಿಸಿದಿರಿ. ನನ್ನನ್ನು ಬೈದಿದ್ದರೂ ಆಗುತ್ತಿತ್ತು. ಉಣ್ಣಿಸಿದಿರಿ, ಬಸ್ಸಿಗೆ ಹತ್ತಿಸಿದಿರಿ, ಆ ಒಂದು ಮಾತಿಗೆ ಮಾತ್ರ ಜಾಗ ಕೊಡಲಿಲ್ಲ.

ನೀವು ತೀರಿಹೋದಿರಿ ಅಂತ ಭೂಸನೂರಿನಿಂದ ನಿಮ್ಮ ಅಳಿಯ ಹೇಳಿ ಕಳಿಸಿದಾಗ ನಾನು ಆಳಂದದಲ್ಲಿ ಒಂದು ಮನೆಯ ಗೋಡೆಗೆ ಗಿಲಾವು ಮಾಡುತ್ತಿದ್ದೆ. ಕೈ ತೊಳೆಯದೆ ಬಂದೆ. ನಿಮ್ಮ ಮಗಳ ಮನೆಯ ಪಡಸಾಲೆಯಲ್ಲಿ ನಿಮ್ಮನ್ನು ಕೂಡಿಸಿದ್ದರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಕಣ್ಣು ಮುಚ್ಚಿ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಹಾಗೆಯೇ ಇದ್ದಿರಿ. ನಮ್ಮ ಪದ್ಧತಿಯಂತೆ ನಿಮ್ಮ ಪಾದದ ಅಳತೆ ತೆಗೆದುಕೊಂಡು ಸಮಾಧಿಯ ಕುಣಿ ತೋಡಿಸಿದವನು ನಾನೇ. ಮೂಲೆ ಸರಿ ಬಂತೋ ಇಲ್ಲವೋ ಅಂತ ಮೂರು ಸಲ ಅಳೆದೆ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ರೇಗಿದರು. ನಿಮ್ಮನ್ನು ಒಳಗೆ ಕೂಡಿಸಿ ಸುತ್ತ ವಿಭೂತಿ ತುಂಬುತ್ತ ಬಂದೆವು. ಮೊಣಕಾಲು ಮುಳುಗಿತು, ಎದೆ ಮುಳುಗಿತು. ಆ ಬಿಳಿ ನಿಮ್ಮ ಹೆಗಲಿಗೆ ಬಂದಾಗ ನಾನು ವಿಭೂತಿಯ ಬುಟ್ಟಿ ಹಿಡಿದು ನಿಂತುಬಿಟ್ಟೆ. ಇದೇ ಕೈ ಎರಡನೆಯ ಸಲ ಬಿಳಿಯಲ್ಲಿ ಹುಗಿಯುತ್ತಿತ್ತು... ಪಕ್ಕದವರು ಬುಟ್ಟಿ ಕಸಿದುಕೊಂಡರು. ಮೇಲೆ ಗದ್ದಿಗೆ ನಾನೇ ಕಟ್ಟಿದೆ. ಒಂದು ಕಡೆಯೂ ಪೊಳ್ಳಿಲ್ಲ, ಎಲ್ಲ ಬಡಿದು ನೋಡಿದ್ದೇನೆ.

ಈ ವರ್ಷ ಶಾಲೆಗೆ ಹೊಸ ಕೋಣೆ ಬಂತು, ಕೆಲಸ ನನಗೇ ಬಂತು. ಮೊದಲ ದಿನವೇ ಕಟ್ಟೆ ಒಡೆಯಬೇಕು ಅಂದರು. ಬುನಾದಿಗೆ ಅಡ್ಡ ಬರುತ್ತದಂತೆ. ನಾನು ಹಾರೆ ಹಿಡಿದು ನಿಂತವನು ನಿಂತೇ ಇದ್ದೆ. ಆಳಂದದಿಂದ ಹೊಸದಾಗಿ ಪಾಠ ಹೇಳಲು ಬಂದ ಅಕ್ಕೋರು ವರಾಂಡದಿಂದ ನೋಡಿ ಇಳಿದು ಬಂದರು. ವಯಸ್ಸು ನನ್ನ ಮಗಳಷ್ಟೇ.

"ಏನ್ರಿ ಇದು, ತುಳಸಿ ಕಟ್ಟಿಗತೆ ಇಲ್ಲ, ಪಂಚಾಯ್ತಿ ಕಟ್ಟಿಗತೆ ಇಲ್ಲ?"

"ದಕ್ಷಿಣ ಧ್ರುವದ ಖಂಡ್ರಿ. ನಮ್ಮ ಕಾಕಾ ಮಾಡಿದ್ದು. ನಡುವ ಗುಡ್ಡ ಇಟ್ಟಿದ್ರು, ನಾ ಹುಗದೇನಿ. ಸಣ್ಣಾಂವ ಇದ್ದೆ, ತಪ್ಪು ಮಾಡಿದೆ."

ಅವರು ಬಗ್ಗಿ ಕಟ್ಟೆಯ ಅಂಚನ್ನೆಲ್ಲ ಕಣ್ಣಲ್ಲೇ ಸುತ್ತಿ ಬಂದರು. "ನಟ್ಟನಡುವ ಗುಡ್ಡ? ಆ ಕಾಲಕ್ಕ ಅವರಿಗೆ ಹೆಂಗ ಗೊತ್ತಾತ್ರಿ?"

"ಅಂದ್ರ... ಅದಾವೇನ್ರಿ?"

"ಅದಾವ್ರಿ. ಗಂಬುರ್ತ್ಸೆವ್ ಪರ್ವತ ಅಂತಾರ. ಆದ್ರ ಯಾರೂ ಕಂಡಿಲ್ಲ. ಒಂದು ಶಿಖರನೂ ಮ್ಯಾಲ ಇಲ್ಲ. ಎಲ್ಲಾ ಬರ್ಫದ ಕೆಳಗ ಹುಗದು ಹೋಗ್ಯಾವ. ಮ್ಯಾಲ ನಿಂತ್ರ ಬರೇ ಬಯಲು."

ನಾನು ಹಾರೆಯನ್ನು ನೆಲಕ್ಕೆ ಒರಗಿಸಿ ಕಟ್ಟೆಯ ಮೇಲೇ ಕೂತುಬಿಟ್ಟೆ. ಯಾರೂ ಕಾಣದ್ದು ಇದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅಕ್ಕೋರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ಕೇಳಿ: "ಬರ್ಫದಾಗ ತೂತು ಕೊರದು ಸುರಂಗ ಹಾಕ್ತಾರ್ರಿ. ಸದ್ದು ಕೆಳಗ ಹೋಗಿ ಕಲ್ಲಿಗಿ ಬಡದು ವಾಪಸ್ ಬರ್ತದ. ಅದನ್ನ ಕೇಳಿ, ಇಲ್ಲಿ ಕಣಿವಿ ಅದ, ಇಲ್ಲಿ ಶಿಖರ ಅದ ಅಂತ ಬರಕೋತಾರ. ಮತ್ತ ಮುಂದ ಹೋಗ್ತಾರ, ಮತ್ತ ಬಡಿತಾರ."

ಬಡಿದು ಕೇಳುತ್ತಾರಂತೆ, ಕಾಕಾ! ನೀವು ನಗುತ್ತಿದ್ದಿರಲ್ಲ, ಗೋಡೆಗೆ ಜ್ವರ ಬಂದಿದೆಯೇ ಅಂತ? ಆ ಶ್ರೇಣಿಯ ಉದ್ದ ಕೇಳಿದೆ. ಆಳಂದದಿಂದ ಜೇವರ್ಗಿಗೆ ಆರೇಳು ಸಲ ಹೋಗಿ ಬರುವಷ್ಟು ಆಗುತ್ತದೆ. ಅಷ್ಟುದ್ದ ಮೂರು ಸಲ ಬಡಿದರೂ ಅವರನ್ನು ನೋಡಿ ಯಾರೂ ನಗಲಿಲ್ಲ.

ಮರುದಿನ ಅಕ್ಕೋರು ತಮ್ಮ ತಂದೆಯವರು ಕೂಡಿಟ್ಟ ಹಳೆಯ ಪತ್ರಿಕೆಗಳ ಗಂಟು ತಂದರು. ನಾನು ಹಾಳೆ ತಿರುವುತ್ತ ತಿರುವುತ್ತ ಕೈ ನಿಲ್ಲಿಸಿದೆ. ಅದೇ ಚಿತ್ರ. ಅದೇ ಕೂದಲಿನ ಕೋಟು, ಅದೇ ಗಾಡಿ, ಅದೇ ಬಿಳಿ ಬಯಲು. ಆದರೆ ಇದಕ್ಕೆ ಯಾರ ಕತ್ತರಿಯೂ ತಾಗಿರಲಿಲ್ಲ. ಆಲ್ಪ್ಸ್ ಪರ್ವತದಷ್ಟು ಎತ್ತರ, ಅಂತ ನಿಂತಿದ್ದ ಸಾಲು ಮುಂದೆ ಹೋಗಿತ್ತು: ಆದರೆ ಪೂರ್ತಿ ಹಿಮದಡಿಯಲ್ಲಿದೆ. ಅಷ್ಟೇ, ಮೂರು ಪದ. ಅವು ನಮ್ಮ ಒಲೆಯಲ್ಲಿ ಉರಿದುಹೋಗಿದ್ದವು. ಫೋಟೋ ತೆಗೆದವನ ಬೆನ್ನ ಹಿಂದೆ ಗುಡ್ಡ ಇರಲಿಲ್ಲ ಕಾಕಾ, ಆ ನಾಲ್ಕು ಮಂದಿಯ ಬೂಟಿನ ಕೆಳಗೆ ಇತ್ತು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಗುಡ್ಡ ಇದೆ ಅಂದ ನಿಮ್ಮ ಮಾತು ಖರೆ. ಅದರ ಮೇಲೆ ಬಿಳಿ ಬಳಿದ ನನ್ನ ಕೆಲಸವೂ ಬರೋಬ್ಬರಿ, ಅಂಜಿ ಮಾಡಿದ್ದಾದರೂ ಬರೋಬ್ಬರಿ. ನೀವು ಯಾವುದಕ್ಕೆ ನಾಚಿ ಕೊಡೆ ತಿರುಗಿಸಿದಿರೋ ಆ ಶಾಬಾಸಕಿಯಲ್ಲಿ ಅರ್ಧ ನಿಮ್ಮದೇ ಆಗಿತ್ತು. ಇಬ್ಬರೂ ಸೇರಿ ಒಂದು ಸರಿಯಾದ ನಕಾಶೆ ಮಾಡಿದ್ದೆವು, ಇಬ್ಬರೂ ತಪ್ಪು ಅಂತ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು ಇಷ್ಟು ವರ್ಷ ಕಳೆದೆವು. ಇದನ್ನು ಯಾರ ಮುಂದೆ ಹೇಳಿ ಜಗಳ ತೆಗೆಯಲಿ? ನೀವು ಇದ್ದಿದ್ದರೆ ಯಡ್ರಾಮಿಯ ಬಸ್ಸು ಹತ್ತಿ ಬಂದು, ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಈ ಪತ್ರಿಕೆ ನಿಮ್ಮ ಮುಂದೆ ಒಗೆಯುತ್ತಿದ್ದೆ.

ಕಟ್ಟೆ ಒಡೆಯಲಿಲ್ಲ. ನಾನೂ ಅಕ್ಕೋರೂ ಕೆಲಸ ಕೊಟ್ಟವರ ಹತ್ತಿರ ಹೋಗಿ ಜಗಳಾಡಿದೆವು, ಹೊಸ ಕೋಣೆ ಎರಡು ಮೊಳ ಆಚೆ ಸರಿಯಿತು. ಆಮೇಲೆ ನಾನು ಕರಣೆ ತಿರುಗಿಸಿ ಹಿಡಿದು ಕಟ್ಟೆಯನ್ನು ಬಡಿಯುತ್ತ ಹೋದೆ. ಮರಳಿದ್ದಲ್ಲಿ ಮಂದ ಸದ್ದು, ಕಲ್ಲಿದ್ದಲ್ಲಿ ಗಟ್ಟಿ ಸದ್ದು. ಹುಡುಗರು ಸುತ್ತ ನಿಂತು ಎಣಿಸಿದರು. ಹನ್ನೊಂದೂ ಸಿಕ್ಕವು, ಒಂದೂ ಅಲ್ಲಾಡಿರಲಿಲ್ಲ. ಹಿಣಿಲಿನ ಕಲ್ಲು ಇದ್ದ ಕಡೆ ಸುಣ್ಣದ ಮೇಲೆ ಗೆರೆ ಎಳೆದು, ಚಾಣದಿಂದ ಕಟ್ಟೆಯ ಒಂದು ಪಕ್ಕವನ್ನಷ್ಟೇ ಕಲ್ಲಂಗಡಿಯ ಹೋಳು ತೆಗೆದಂತೆ ಕಡಿದು ತೆಗೆದೆ. ಮೇಲೆ ಬಿಳಿ, ನಡುವೆ ಮರಳಿನ ಗೆರೆ, ಅದರ ಕೆಳಗೆ ನಿಮ್ಮ ಕರಿ ಶಿಖರಗಳು, ಅವತ್ತು ಬಾವಿಯಿಂದ ತಂದಾಗಿನಷ್ಟೇ ಚೂಪು. ಒಬ್ಬ ಹುಡುಗಿ ಬಗ್ಗಿ ಒಳಗೆ ಕೈ ಇಟ್ಟು, "ಅಯ್ಯ, ಗುಡ್ಡ ಇಲ್ಲೇ ಅದಲ್ರಿ ಅಕ್ಕೋರ!" ಅಂದಳು.

ಪಕ್ಕದಲ್ಲಿ ಒಂದು ಫಲಕ ಇಡಬೇಕು, ಅದನ್ನು ನಾನೇ ಬರೆಯಬೇಕು ಅಂತ ಅಕ್ಕೋರು ಹಟ ಹಿಡಿದರು. ನನ್ನ ಅಕ್ಷರ ನಿಮಗೆ ಗೊತ್ತೇ ಇದೆ. ಎರಡು ದಿನ ಸೀಸದ ಕಡ್ಡಿಯಲ್ಲಿ ಬರೆದು ಅಳಿಸಿದೆ. ನಿಮ್ಮ ಹೆಸರಿನ ಕೆಳಗೆ ನನ್ನದು ಇರಬಹುದೇ, ಇದ್ದರೆ ನಿಮಗೆ ಮತ್ತೆ ಸಿಟ್ಟು ಬರುತ್ತದೆಯೇ ಅಂತ ನಿದ್ದೆ ಕೆಟ್ಟಿತು. ಕಡೆಗೆ ಇವತ್ತು ಮುಂಜಾನೆ ಬಣ್ಣದಲ್ಲಿ ಬರೆದುಬಿಟ್ಟೆ. ಹೀಗಿದೆ:

ಗುಡ್ಡ ಮಾಡಿದವರು: ಶಿವಶರಣಪ್ಪ ಮಾಸ್ತರ.
ಬರ್ಫ ಮಾಡಿದವನು: ಮಲ್ಲಪ್ಪ, ಗೌಂಡಿ.

ಬಣ್ಣ ಇನ್ನೂ ಹಸಿ ಇದೆ ಕಾಕಾ. ಏನಾದರೂ ಹೇಳುವುದಿದ್ದರೆ ಒಣಗುವುದರೊಳಗೆ ಹೇಳಿ.